ನಾಗ್ತೀಪುರದ ಮೂರು ಗುಂಟೆ

ಶ್ರೀಲತಾ ಮಿಸ್ ಹತ್ತನೇ ತರಗತಿಯ ಎಲ್ಲರಿಗೂ ಒಂದೊಂದು ಹಾಳೆ ಹಂಚಿದ್ದರು. ಅದರಲ್ಲಿ ಮೂವತ್ತಾರು ಕೆಲಸಗಳ ಹೆಸರು, ಪ್ರತಿಯೊಂದರ ಎದುರಿಗೂ ಒಂದು ಖಾಲಿ ಚೌಕ. ಮುಂದೆ ಏನಾಗಬೇಕು ಅಂತಿದ್ದೀರೋ ಅದಕ್ಕೆ ಗುರುತು ಹಾಕಿ, ಅಂಥ ಕೆಲಸ ಮಾಡುವ ಮೂವರ ಜೊತೆ ಒಂದೊಂದು ದಿನ ಇದ್ದು, ಕಂಡದ್ದನ್ನು ನಾಲ್ಕು ಪುಟ ಬರೆದು ತನ್ನಿ ಎಂದಿದ್ದರು. ಪಕ್ಕದಲ್ಲಿ ಕೂತಿದ್ದ ಹರ್ಷಿತಾ ಬೆಲ್ ಹೊಡೆಯುವುದರೊಳಗೆ ಡಾಕ್ಟರಿಗೂ ಬ್ಯಾಂಕಿಗೂ ಪೊಲೀಸಿಗೂ ಗುರುತು ಹಾಕಿ ಮುಗಿಸಿದಳು. ಶಶಿರೇಖಾ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಮಿಡಿಗೇಶಿಯ ಮನೆಗೆ ಬಂದಳು. ಏನಾಗಬೇಕು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಅವಳ ಅಪ್ಪ ಓಬಳರಾಜು ಗೂಡ್ಸ್ ಆಟೋ ಓಡಿಸುತ್ತಿದ್ದ. ಮಗಳು ನರ್ಸಿಂಗ್ ಓದಲಿ, ಎಲ್ಲಿ ಹೋದರೂ ಕೆಲಸ ಸಿಗುತ್ತದೆ ಎನ್ನುವುದು ಅವನ ಲೆಕ್ಕಾಚಾರ. ಅಮ್ಮನಿಗೆ ಮೇಷ್ಟ್ರ ಕೆಲಸವೇ ಸರಿ ಎನಿಸಿತ್ತು. ಅಜ್ಜಿ ಕಾಟಮ್ಮ ಮಾತ್ರ ಏನೂ ಹೇಳುತ್ತಿರಲಿಲ್ಲ. ಕೇಳಿದರೆ, ನಾನು ಏನಾಗ್ಬೇಕು ಅಂತ ನನ್ನ ಯಾರು ಕೇಳಿದ್ರು ಎಂದು ನಗುತ್ತಿದ್ದಳು.

ಮೊದಲ ದಿನ ಅವಳು ಆರೋಗ್ಯ ಕೇಂದ್ರದ ಸಿಸ್ಟರ್ ಜೊತೆ ಇದ್ದಳು. ಸಿಸ್ಟರ್ ಒಳ್ಳೆಯವರು, ಎಲ್ಲವನ್ನೂ ಬಿಡಿಸಿ ಹೇಳಿದರು. ಆದರೆ ಗಾಯದ ಬಟ್ಟೆ ಬಿಚ್ಚುವಾಗ ಶಶಿರೇಖಾಳ ಬೆರಳುಗಳು ತಣ್ಣಗಾಗಿ, ಹಿಡಿದಿದ್ದ ಟ್ರೇ ಗಡಗಡ ಸದ್ದು ಮಾಡಿತು. ಎರಡನೆಯ ದಿನ ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್ ಆಗಿದ್ದ ದೊಡ್ಡಪ್ಪನ ಮಗ ಯುವರಾಜ್ ಕರೆದುಕೊಂಡು ಹೋದ. ಕಣ್ಣು ಹಾಯುವಷ್ಟು ದೂರ ನೀಲಿ ಫಲಕಗಳ ಸಾಲು. ಇಡೀ ದಿನದಲ್ಲಿ ಅವಳು ಮಾತಾಡಿದ್ದು ನಾಲ್ಕು ಜನರ ಜೊತೆ. ಸಂಜೆ ಬಸ್ಸಿನಲ್ಲಿ ಕೂತಾಗ ಕಿವಿಯೊಳಗೆ ಇನ್ವರ್ಟರಿನ ಗುಂಯ್‌ಗುಡುವಿಕೆ ಹಾಗೇ ಉಳಿದಿತ್ತು.

ಮೂರನೆಯದಕ್ಕೆ ಯಾರೂ ಸಿಗಲಿಲ್ಲ. ಆಗ ಶ್ರೀಲತಾ ಮಿಸ್ಸೇ ತಮ್ಮ ಜೊತೆ ಮಧುಗಿರಿಯ ಹಾಸ್ಟೆಲಿನಲ್ಲಿ ಓದಿದ ಜ್ಯೋತಿಲಕ್ಷ್ಮಿಯ ನಂಬರ್ ಕೊಟ್ಟರು. ಆಕೆ ಜಮೀನು ಅಳೆಯುವ ಲೈಸೆನ್ಸ್ ಸರ್ವೆಯರ್. ಹಾಳೆಯಲ್ಲಿದ್ದ ಮೂವತ್ತಾರರಲ್ಲಿ ಆ ಕೆಲಸದ ಹೆಸರೇ ಇರಲಿಲ್ಲ.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಶುಕ್ರವಾರ ಬೆಳಿಗ್ಗೆ ಜ್ಯೋತಿಲಕ್ಷ್ಮಿ ಸ್ಕೂಟರಿನಲ್ಲಿ ಬಂದು ಶಶಿರೇಖಾಳನ್ನು ಹತ್ತಿಸಿಕೊಂಡಳು. ಮೂವತ್ತೈದರ ಹೆಂಗಸು, ತಲೆಗೆ ಟೋಪಿ, ಕಾಲಿಗೆ ಗಂಡಸರ ಶೂ. ಪಾವಗಡದ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ, ಬಲಕ್ಕೆ ಗಾಡಿ ಜಾಡಿಗಿಳಿದು, ಕಡಲೇಕಾಯಿ ಕಿತ್ತು ಬರಿದಾದ ಹೊಲಗಳ ನಡುವೆ ಸಾಗಿದರು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಶಶಿರೇಖಾ ಕೇಳಿದ್ದಕ್ಕೆ ಆಕೆ ನಾಗ್ತೀಪುರ ಎಂದಳು. ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಇದ್ದ ಶಶಿರೇಖಾ ಅಂಥ ಊರಿನ ಹೆಸರು ಕೇಳಿರಲಿಲ್ಲ.

"ಊರಿಲ್ಲಮ್ಮ, ನಕ್ಷೆಯಲ್ಲಿ ಮಾತ್ರ ಇದೆ," ಎಂದಳು ಜ್ಯೋತಿಲಕ್ಷ್ಮಿ. "ಇಂಥ ಊರಿಗೆ ನಮ್ಮ ದಾಖಲೆಯಲ್ಲಿ ಬೇಚಿರಾಕ್ ಅಂತ ಬರೀತಾರೆ. ದೀಪ ಹಚ್ಚೋರಿಲ್ಲದ್ದು ಅಂತ ಅರ್ಥ."

ಹೊಲದ ಅಂಚಿನಲ್ಲಿ ಹುಣಸೆಮರದ ಕೆಳಗೆ ಸಣ್ಣರಂಗಯ್ಯ ಕಾಯುತ್ತಿದ್ದ. ಎಪ್ಪತ್ತಕ್ಕೆ ಹತ್ತಿರದ ಒಣಕಲು ಮನುಷ್ಯ. ಹಿಂದೆ ಸರ್ಕಾರಿ ಸರ್ವೆಯರುಗಳ ಜೊತೆ ಅಳತೆಯ ಸರಪಳಿ ಎಳೆದವನು, ಈಗ ಜ್ಯೋತಿಲಕ್ಷ್ಮಿಗೆ, ಅಳತೆಯ ಯಂತ್ರದ ಬೆಳಕನ್ನು ಹಿಂದಿರುಗಿಸುವ ಗಾಜಿನ ಪ್ರಿಸಂ ಕೂರಿಸಿದ ಕೋಲು ಹಿಡಿಯುತ್ತಿದ್ದ. ಜಮೀನಿನ ಯಜಮಾನ ದೇವರಾಜು ಮಧುಗಿರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಹೊಲವನ್ನು ಸೋಲಾರ್ ಕಂಪನಿಗೆ ಗುತ್ತಿಗೆ ಕೊಡುವುದಿತ್ತು. ಅದಕ್ಕೆ ಮೊದಲು ಅಳತೆ ಮಾಡಿ ಗಡಿ ಗುರುತಿಸಬೇಕಾಗಿತ್ತು. ಗಡಿಯ ಕಲ್ಲುಗಳಿಗೆ ಬಾಂದು ಕಲ್ಲು ಎನ್ನುತ್ತಾರೆ ಎಂದು ಶಶಿರೇಖಾ ಅವತ್ತು ತಿಳಿದುಕೊಂಡಳು.

ಜ್ಯೋತಿಲಕ್ಷ್ಮಿ ಹಳೆಯ ಟಿಪ್ಪಣಿಯ ಜೆರಾಕ್ಸ್ ಬಿಡಿಸಿ ತೋರಿಸಿದಳು. ಬ್ರಿಟಿಷರ ಕಾಲದ ಅಳತೆಯ ಕೈನಕ್ಷೆ ಅದು. ನಡುವೆ ಒಂದು ಸಣ್ಣ ತ್ರಿಕೋನ, ಅದರೊಳಗೆ "ಖರಾಬು ೩ ಗುಂಟೆ" ಎಂದು ಬರೆದಿತ್ತು. ಉಳುಮೆಗೆ ಸೇರದ ಜಾಗ ಎಂದರ್ಥ. ಯಾತಕ್ಕೆ ಸೇರದು ಎಂದು ಬರೆದಿರಲಿಲ್ಲ. ಅದರ ಮೂರು ಮೂಲೆಯ ಕಲ್ಲುಗಳು ಸಿಕ್ಕುತ್ತಿಲ್ಲ, ಮೂವತ್ತು ವರ್ಷದ ಹಿಂದಿನ ಅಳತೆಯಲ್ಲೂ ಸಿಕ್ಕಿಲ್ಲ ಎಂದಳು. ಕಲ್ಲಿಲ್ಲ ಅಂತಲೇ ಬರೆದು ಹೊಲಕ್ಕೆ ಸೇರಿಸಿಬಿಡಿ ಮೇಡಂ ಎಂದು ದೇವರಾಜು ಎರಡು ಸಲ ಹೇಳಿದ. ಆಮೇಲೆ ಕಾರು ಹತ್ತಿ ಊಟಕ್ಕೆಂದು ಹೊರಟುಹೋದ.

ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಕೂತಿತು. ದೂರದರ್ಶಕದ ಹಾಗೆ ಒಂದು ಕಣ್ಣು, ಕೆಳಗೆ ಸಣ್ಣ ಪರದೆ. ದೂರಕ್ಕೆ ತಕ್ಕಂತೆ ಬಳೆಯಂಥ ಭಾಗವನ್ನು ತಿರುಗಿಸಿದರೆ ಮಸುಕು ಹೋಗಿ ಎದುರಿಗಿನದು ಸ್ಪಷ್ಟವಾಗುತ್ತದೆ. ಒತ್ತಿದರೆ ಕೋನವೂ ದೂರವೂ ಪರದೆಯ ಮೇಲೆ ಬರುತ್ತವೆ. ಪ್ರಿಸಂ ಇಲ್ಲದಿದ್ದರೂ ಎದುರಿಗೆ ಗೋಡೆಯೋ ಮರವೋ ಏನಿದ್ದರೂ ದೂರ ಹೇಳುತ್ತದೆ, ಏನೂ ಇಲ್ಲದಿದ್ದರೆ ಮಾತ್ರ ಪರದೆ ಖಾಲಿ ಬಿಡುತ್ತದೆ ಎಂದು ಜ್ಯೋತಿಲಕ್ಷ್ಮಿ ಹೇಳಿಕೊಟ್ಟಳು. ಬಂದ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ಶಶಿರೇಖಾಳದು. ಬರೆಯುತ್ತ ಬರೆಯುತ್ತ ಅವಳಿಗೆ ಅದು ಹಿಡಿಸಿತು. ಸಣ್ಣರಂಗಯ್ಯ ಒಂದು ಕಲ್ಲಿನ ಹತ್ತಿರ ನಿಲ್ಲುತ್ತಾನೆ, ಇಲ್ಲಿ ಅಂಕಿ ಮೂಡುತ್ತದೆ, ಹೊಲ ಒಂದು ಆಕಾರಕ್ಕೆ ಬರುತ್ತದೆ. ಅವಳ ಬೆರಳುಗಳು ಬೆಚ್ಚಗೇ ಇದ್ದವು.

ಹನ್ನೆರಡು ಗಂಟೆಯ ಹೊತ್ತಿಗೆ ಒಂದು ಅಳತೆಯನ್ನು ನೀನೇ ತಗೋ ಎಂದು ಜ್ಯೋತಿಲಕ್ಷ್ಮಿ ಪಕ್ಕಕ್ಕೆ ಸರಿದಳು. ಹೊಲ ಪೂರ್ವಕ್ಕೆ ಏರಿ, ಅದರ ನೆತ್ತಿಯಾಚೆ ಬರೀ ಆಕಾಶವಿತ್ತು. ಶಶಿರೇಖಾ ಯಂತ್ರವನ್ನು ನಿಧಾನವಾಗಿ ತಿರುಗಿಸುತ್ತ ಸಣ್ಣರಂಗಯ್ಯನನ್ನು ಹುಡುಕಿದಳು. ಅವನಿಗಿಂತ ಮೊದಲು ಒಬ್ಬ ಹೆಂಗಸು ಸಿಕ್ಕಳು.

ಮಣ್ಣಿನ ಬಣ್ಣದ ಸೀರೆ, ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದಳು. ಎರಡೂ ಕೈ ಇಳಿಬಿಟ್ಟು, ಕಾಲ ಬೆರಳ ಹತ್ತಿರದ ನೆಲ ನೋಡುತ್ತ ನಿಂತಿದ್ದಳು. ಕಡಲೇಕಾಯಿ ಆಯಲು ಬಂದ ಕೂಲಿಯವಳಿರಬೇಕು ಎಂದುಕೊಂಡು ಶಶಿರೇಖಾ ಗುಂಡಿ ಒತ್ತಿದಳು. ಪರದೆಯಲ್ಲಿ 86.40 ಮೀಟರ್ ಎಂದು ಬಂತು. ಅಭ್ಯಾಸದಂತೆ ಕೋನವನ್ನೂ ದೂರವನ್ನೂ ಬರೆದುಕೊಂಡು ತಲೆಯೆತ್ತಿದಳು. ಹೊಲದಲ್ಲಿ ಯಾರೂ ಇರಲಿಲ್ಲ. ಸಣ್ಣರಂಗಯ್ಯ ಎಲ್ಲೋ ಬಲಕ್ಕೆ, ಬೇಲಿಯ ಹತ್ತಿರ ನಿಂತು ಬೀಡಿ ಸೇದುತ್ತಿದ್ದ.

ಮತ್ತೆ ಕಣ್ಣಿಟ್ಟಳು. ಬರೀ ಆಕಾಶ. ಒತ್ತಿದಳು. ಪರದೆ ಖಾಲಿ.

ಜ್ಯೋತಿಲಕ್ಷ್ಮಿ ಬಂದು ನೋಡಿ, ಬಿಸಿಲಿಗೆ ಹಾಗಾಗುತ್ತದೆ, ಗಾಳಿ ಕುದಿಯುವಾಗ ಮಿಷನ್ ಕೂಡ ತಪ್ಪು ಹೇಳುತ್ತದೆ ಎಂದಳು. ಹೆಂಗಸನ್ನು ಕಂಡದ್ದನ್ನು ಶಶಿರೇಖಾ ಹೇಳಲಿಲ್ಲ. ಯಾರೋ ಎದ್ದು ಹೋಗಿರಬಹುದು, ಬದುವಿನ ಹಿಂದೆ ಕೂತಿರಬಹುದು ಎಂದು ತಾನೇ ಸಮಾಧಾನ ಮಾಡಿಕೊಂಡಳು.

ಊಟವಾದ ಮೇಲೆ ಅದೇ ಕಡೆ ತಿರುಗಿಸಿದಾಗ ಅವಳು ಮತ್ತೆ ಇದ್ದಳು. ಸ್ವಲ್ಪ ಎಡಕ್ಕೆ, ಸ್ವಲ್ಪ ಹತ್ತಿರಕ್ಕೆ. ಅದೇ ನಿಲುವು, ಅದೇ ನೆಲ ನೋಡುವ ತಲೆ. 73.15. ಈ ಸಲ ಶಶಿರೇಖಾ ಕಣ್ಣು ತೆಗೆಯದೆ, ಎಡಗೈಯಿಂದ ಜ್ಯೋತಿಲಕ್ಷ್ಮಿಯ ತೋಳನ್ನು ಹಿಡಿದು ಎಳೆದಳು. ಜ್ಯೋತಿಲಕ್ಷ್ಮಿ ಬಗ್ಗಿ ನೋಡಿದಳು. ಅವಳಿಗೆ ಯಾರೂ ಕಾಣಲಿಲ್ಲ. ಆದರೆ ಅವಳೇ ತನ್ನ ಕೈಯಾರೆ ಗುಂಡಿ ಒತ್ತಿದಾಗ ಪರದೆಯ ಮೇಲೆ ಮತ್ತೆ 73.15 ಬಂತು. ಅಂಕಿಯನ್ನು ನೋಡಿ, ತಲೆಯೆತ್ತಿ ಹೊಲ ನೋಡಿದಳು. ಎದುರಿಗೆ ಏನೂ ಇರಲಿಲ್ಲ, ಹಿಂದೆ ಆಕಾಶ.

"ಏನು ಕಂಡೆ?" ಎಂದು ಮೆಲ್ಲಗೆ ಕೇಳಿದಳು.

ಶಶಿರೇಖಾ ಹೇಳಿದಳು. ಅಷ್ಟರಲ್ಲಿ ಹತ್ತಿರ ಬಂದಿದ್ದ ಸಣ್ಣರಂಗಯ್ಯ ಅದನ್ನು ಕೇಳಿಸಿಕೊಂಡ. ಕೋಲನ್ನು ಮರಕ್ಕೆ ಒರಗಿಸಿ, ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು, ಇವತ್ತಿಗೆ ಸಾಕು ಕಣವ್ವ, ನಾನು ಆ ಕಡೆ ಹೋಗಾಕಿಲ್ಲ ಎಂದ. ಯಾಕೆ ಎಂದು ಕೇಳುವಷ್ಟರಲ್ಲಿ ಯಂತ್ರದ ಪೆಟ್ಟಿಗೆ ತರಲು ಹೊರಟ.

ಯಂತ್ರ ಬಿಚ್ಚುವ ಮೊದಲು ಶಶಿರೇಖಾ ಇನ್ನೊಂದು ಸಲ ಬಗ್ಗಿದಳು. ಯಾರೂ ಹೇಳಿರಲಿಲ್ಲ. ನೋಡದೆ ಹೋದರೆ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎನಿಸಿತು, ಅಷ್ಟೆ. ಆ ಹೆಂಗಸು ಈಗ ಇನ್ನಷ್ಟು ಹತ್ತಿರದಲ್ಲಿದ್ದಳು. ಪಕ್ಕದಲ್ಲಿ ಒಂದು ಕತ್ತಾಳೆ ಗಿಡ ಇತ್ತು, ಅದು ಮಸುಕಾಗಿತ್ತು. ಯಂತ್ರವನ್ನು ಆ ದೂರಕ್ಕೆ ಹೊಂದಿಸಿರಲಿಲ್ಲವಲ್ಲ. ಗಿಡ ಮಸುಕು, ನೆಲ ಮಸುಕು, ಆ ಹೆಂಗಸು ಮಾತ್ರ ಸ್ಪಷ್ಟ. ಸೀರೆಯ ನೂಲು ಕಾಣುವಷ್ಟು, ಮೊಣಕೈಯ ತನಕ ಒಣಗಿದ ಕೆಸರು ಕಾಣುವಷ್ಟು. ಶಶಿರೇಖಾ ಬಳೆಯನ್ನು ತಿರುಗಿಸಿದಳು. ಗಿಡ ಸ್ಪಷ್ಟವಾಯಿತು. ಹೆಂಗಸು ಹಾಗೇ ಇದ್ದಳು, ಒಂದಿಷ್ಟೂ ಬದಲಾಗಲಿಲ್ಲ.

ಒತ್ತಿದಳು. 61.20. ಅದನ್ನೂ ಕೋನವನ್ನೂ ಹಿಂದಿನ ಎರಡರ ಕೆಳಗೆ ಬರೆದುಕೊಂಡಳು.

ಮನೆಗೆ ಬಂದು ಕಾಲು ತೊಳೆದು, ಇನ್ನೂ ಬೆಳಕಿರುವಾಗಲೇ ಜಗಲಿಯ ಮೇಲೆ ನೋಟ್‌ಬುಕ್ ಬಿಡಿಸಿ ಕೂತಳು. ನಾಲ್ಕು ಪುಟ ಬರೆಯಬೇಕಾಗಿತ್ತು. ಬರೆಯಲು ಬರಲಿಲ್ಲ. ಕೈ ಸುಮ್ಮನಿರದೆ ಗ್ರಾಫ್ ಹಾಳೆ ತೆಗೆದು, ಕೋನಮಾಪಕ ಇಟ್ಟು, ಒಂದು ಸೆಂಟಿಮೀಟರಿಗೆ ಹತ್ತು ಮೀಟರ್ ಎಂದು ಲೆಕ್ಕ ಹಾಕಿ ಆ ಮೂರು ಅಳತೆಗಳನ್ನು ಚುಕ್ಕಿಯಾಗಿ ಇಟ್ಟಳು. ಚುಕ್ಕಿಗಳನ್ನು ಸೇರಿಸಿದಳು. ಒಂದು ತ್ರಿಕೋನವಾಯಿತು. ರಿಪೋರ್ಟಿಗೆ ಅಂಟಿಸು ಎಂದು ಜ್ಯೋತಿಲಕ್ಷ್ಮಿ ಕೊಟ್ಟಿದ್ದ ಟಿಪ್ಪಣಿಯ ಜೆರಾಕ್ಸನ್ನು ಪಕ್ಕದಲ್ಲಿಟ್ಟು ನೋಡಿದಳು. ಎರಡು ಮೂಲೆ ಚೂಪು, ಒಂದು ಮೊಂಡು, ಉದ್ದನೆಯ ಬದಿ ಹುಣಸೆಮರದ ಕಡೆಗೆ. ಅದೇ ತ್ರಿಕೋನ. ಎತ್ತರ, ಅಗಲ ಗುಣಿಸಿ ಅರ್ಧ ಮಾಡಿದರೆ ಮುನ್ನೂರು ಚದರ ಮೀಟರಿನ ಆಸುಪಾಸು, ಅಂದರೆ ಮೂರು ಗುಂಟೆ.

ಆ ಹೆಂಗಸು ಹತ್ತಿರ ಬರುತ್ತಿರಲಿಲ್ಲ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿ ನಿಲ್ಲುತ್ತಿದ್ದಳು.

ಕಾಟಮ್ಮ ಕಡಲೇಕಾಯಿ ಸುಲಿಯುತ್ತ ಎದುರಿಗೆ ಕೂತಿದ್ದಳು. ಮೊಮ್ಮಗಳ ಮುಖ ನೋಡಿ ಏನೆಂದು ಕೇಳಿದಳು. ಶಶಿರೇಖಾ ನಾಗ್ತೀಪುರ ಎಂದೊಡನೆ ಅಜ್ಜಿಯ ಕೈ ನಿಂತಿತು. ಆ ಹೆಸರು ಹೇಳುವವರು ಈಗ ಯಾರೂ ಇಲ್ಲ, ನನ್ನ ಅತ್ತೆ ಹೇಳುತ್ತಿದ್ದಳು ಎಂದಳು. ಆಮೇಲೆ, ಅತ್ತೆಯಿಂದ ಕೇಳಿದ್ದನ್ನು ನಿಧಾನವಾಗಿ ಹೇಳಿದಳು.

ನೂರು ವರ್ಷಕ್ಕೂ ಹಿಂದೆ ಪ್ಲೇಗು ಬಂದಾಗ ನಾಗ್ತೀಪುರದವರು ಮನೆಗೆ ಎರಡು ಮೂರು ಹೆಣ ಹೊತ್ತ ಮೇಲೆ ಊರು ಬಿಟ್ಟರಂತೆ. ದನಕರು, ಮಕ್ಕಳು ಎಲ್ಲರನ್ನೂ ಹೊರಡಿಸಿದರು. ಎದ್ದು ನಡೆಯಲಾಗದವರು ಹನ್ನೊಂದು ಜನ ಉಳಿದರು. ಅವರ ಜೊತೆ ಪಟಾಲಮ್ಮ ಅನ್ನುವ ಸೂಲಗಿತ್ತಿಯೂ ಉಳಿದಳು. ಅವಳಿಗೆ ಜ್ವರವಿರಲಿಲ್ಲ. ಬಾ ಎಂದು ಕೈಹಿಡಿದು ಎಳೆದರೂ, ಇವರಿಗೆ ನೀರು ಕೊಡೋರು ಯಾರು ಎಂದು ಕೊಸರಿಕೊಂಡಳಂತೆ. ಮೂರು ತಿಂಗಳ ಮೇಲೆ ನಾಲ್ಕು ಜನ ಗಂಡಸರು ಧೈರ್ಯ ಮಾಡಿ ಬಂದು ನೋಡಿದರೆ, ಊರ ಪಕ್ಕದ ಹೊಲದಲ್ಲಿ ಹನ್ನೊಂದು ಗುಡ್ಡೆ, ಒಂದರ ಪಕ್ಕ ಒಂದು, ಅಳೆದಿಟ್ಟ ಹಾಗೆ. ಪಟಾಲಮ್ಮ ಇರಲಿಲ್ಲ. ಎಲ್ಲೂ ಸಿಗಲಿಲ್ಲ. ಗಂಡಸರು ಮೂರು ಕಲ್ಲು ನೆಟ್ಟು, ಇದರೊಳಗೆ ನೇಗಿಲು ಇಳಿಯಬಾರದು ಎಂದು ಮಣ್ಣು ಮುಟ್ಟಿ ಆಣೆ ಮಾಡಿ ಹೋದರು. ಮತ್ತೆ ಯಾರೂ ಅಲ್ಲಿ ಒಲೆ ಹಚ್ಚಲಿಲ್ಲ.

"ಅವಳ ಸೀರೆ ಯಾವ ಬಣ್ಣದ್ದು ಅಜ್ಜಿ?" ಎಂದು ಶಶಿರೇಖಾ ಕೇಳಿದಳು.

"ನಾನೇನು ನೋಡಿದ್ನೇನೇ?" ಎಂದಳು ಕಾಟಮ್ಮ. ಇನ್ನೊಂದು ಕಾಯಿ ಸುಲಿದು, "ಕೈ ತುಂಬ ಮಣ್ಣಿತ್ತಾ?" ಎಂದು ಕೇಳಿದಳು. ಕೆಸರಿನ ವಿಷಯವನ್ನು ಶಶಿರೇಖಾ ಯಾರಿಗೂ ಹೇಳಿರಲಿಲ್ಲ.

ಅವಳು ಎದ್ದು ಬೀದಿ ದೀಪದ ಕೆಳಗೆ ನಿಂತು ಜ್ಯೋತಿಲಕ್ಷ್ಮಿಗೆ ಫೋನ್ ಮಾಡಿದಳು. ಅಜ್ಜಿ ಹೇಳಿದ್ದನ್ನು ಹೇಳಿ, ಗ್ರಾಫಿನ ಫೋಟೋ ಕಳಿಸಿದಳು. ಮಲಗುವ ಹೊತ್ತಿಗೆ, ಭಾನುವಾರ ಬೆಳಿಗ್ಗೆ ತಯಾರಾಗಿರು, ಹಾರೆ ಗುದ್ದಲಿ ನಾನು ತರ್ತೀನಿ ಎಂಬ ಸಂದೇಶ ಬಂತು.

ಭಾನುವಾರ ಸಣ್ಣರಂಗಯ್ಯ ಬರುತ್ತಾನೋ ಇಲ್ಲವೋ ಅನ್ನುವ ಅನುಮಾನವಿತ್ತು. ಬಂದಿದ್ದ. ಯಂತ್ರ ನಿಂತಿದ್ದ ಜಾಗದಲ್ಲಿ ನೆಲಕ್ಕೆ ಹೊಡೆದ ಗೂಟ ಹಾಗೇ ಇತ್ತು, ಅದರ ಮೇಲೇ ಮತ್ತೆ ಯಂತ್ರ ಕೂರಿಸಿದರು. ಜ್ಯೋತಿಲಕ್ಷ್ಮಿ ಗ್ರಾಫ್ ಹಾಳೆಯನ್ನು ಮುದುಕನಿಗೆ ತೋರಿಸಿ, ನಿನಗೆ ಏನು ಗೊತ್ತೋ ಹೇಳು ತಾತ, ಇಲ್ಲದಿದ್ದರೆ ನಾಳೆ ನಾನು ಕಲ್ಲಿಲ್ಲ ಅಂತ ಬರೆದು ಕೊಟ್ಟುಬಿಡುತ್ತೇನೆ ಎಂದಳು. ಸಣ್ಣರಂಗಯ್ಯ ಹುಣಸೆಮರದ ಬೇರಿನ ಮೇಲೆ ಕೂತ. ಹೇಳುವಾಗ ಅವನು ಅವರಿಬ್ಬರನ್ನೂ ನೋಡದೆ, ಹೊಲದ ನೆತ್ತಿಯನ್ನು ನೋಡುತ್ತಿದ್ದ.

"ಮೂವತ್ತು ವರ್ಷದ ಕೆಳಗೆ ಸರ್ವೆಯರ್ ಜೊತೆ ನಾನೇ ಇಲ್ಲಿ ಸರಪಳಿ ಎಳ್ದಿದ್ದು. ಮಟಮಟ ಮಧ್ಯಾಹ್ನ. ನಾನು ಈ ತುದಿ ಹಿಡ್ಕೊಂಡು ಕೂತಿದ್ದೆ, ಸಾಹೇಬ್ರು ಆ ತುದಿ ಹಿಡ್ದವ್ರೆ ಅಂದ್ಕೊಂಡು ಎಳೆದೆ. ಬಿಗಿಯಾಗಿ ಹಿಡ್ದಿದ್ರು. ಇನ್ನೊಂಚೂರು ಎಳೆದೆ, ಅವ್ರೂ ಎಳೆದ್ರು. ತಿರುಗಿ ನೋಡಿದ್ರೆ ಸಾಹೇಬ್ರು ಈ ಮರದ ಕೆಳಗೆ ನೀರು ಕುಡೀತಾವ್ರೆ ಕಣವ್ವ. ಆ ತುದೀಲಿ ಯಾರೂ ಇಲ್ಲ. ಸರಪಳಿ ಮಾತ್ರ ನೆಲದಿಂದ ಮೊಳದುದ್ದ ಮೇಲೆ, ದಾರ ಕಟ್ಟಿದಂಗೆ ನೆಟ್ಟಗೆ ನಿಂತೈತೆ."

ಅವನು ಸರಪಳಿ ಬಿಸಾಕಿ ಓಡಿದ್ದ. ಸಾಹೇಬರು ಬೈದರು, ಆದರೆ ತಾವೂ ಆ ಕಡೆ ಹೋಗಲಿಲ್ಲ. ಕಲ್ಲು ಸಿಕ್ಕಲಿಲ್ಲ ಎಂದು ಬರೆದು ಮುಗಿಸಿದರು. ಆಮೇಲೆ ಆ ನೆಲಕ್ಕೆ ಟ್ರ್ಯಾಕ್ಟರ್ ಇಳಿಯಿತು. ಅವತ್ತು ಓಡದೆ ನಿಂತಿದ್ದರೆ ಅಳತೆ ಆಗಿರೋದು ಎಂದು ಸಣ್ಣರಂಗಯ್ಯ ಎರಡು ಸಲ ಹೇಳಿದ.

ಮೊದಲ ಎರಡು ಜಾಗಕ್ಕೆ ಶಶಿರೇಖಾ ಕೋಲು ಹಿಡಿದಳು. ಜ್ಯೋತಿಲಕ್ಷ್ಮಿ ಯಂತ್ರವನ್ನು ಬರೆದಿಟ್ಟ ಕೋನಕ್ಕೆ ತಿರುಗಿಸಿ, ಕೈಸನ್ನೆಯಿಂದ ಹಿಂದೆ ಮುಂದೆ ಸರಿಸುತ್ತ, ದೂರ ಸರಿಹೊಂದಿದ ಕಡೆ ನಿಲ್ಲಿಸಿದಳು. ಸುತ್ತ ಬಿಸಿಲು ಬಡಿಯುತ್ತಿತ್ತು, ಪಾದದ ಕೆಳಗಿನ ಮಣ್ಣು ಮಾತ್ರ ಆಗತಾನೇ ನೀರು ಚೆಲ್ಲಿದ ಹಾಗೆ ತಂಪಾಗಿತ್ತು. ಚಪ್ಪಲಿ ತೂರಿ ಆ ತಂಪು ಹತ್ತುತ್ತಿತ್ತು. ಶಶಿರೇಖಾ ಅಲ್ಲಾಡದೆ ನಿಂತಳು. ಗುರುತು ಮಾಡಿ ಅಗೆದಾಗ ಒಂದೂವರೆ ಅಡಿ ಕೆಳಗೆ ಹಾರೆಗೆ ಕಲ್ಲು ತಾಗಿತು. ಮೇಲೆ ಅಡ್ಡಡ್ಡ ಎರಡು ಗೀಟು ಕೆತ್ತಿದ ಕಲ್ಲು. ಎರಡನೆಯದೂ ಹಾಗೆಯೇ ಸಿಕ್ಕಿತು.

ಮೂರನೆಯದರ ಹೊತ್ತಿಗೆ ಸಣ್ಣರಂಗಯ್ಯ ಎದ್ದ. ಹುಡುಗಿಯ ಕೈಯಿಂದ ಕೋಲು ತೆಗೆದುಕೊಂಡ.

"ಇದಕ್ಕೆ ನಾನೇ ಹಿಡೀತೀನಿ ಬುಡವ್ವ. ನೀನು ಅಲ್ಲಿ ನೋಡು ಹೋಗು," ಎಂದ.

ಶಶಿರೇಖಾ ಯಂತ್ರಕ್ಕೆ ಕಣ್ಣಿಟ್ಟಳು. ಮುದುಕ ಕತ್ತಾಳೆಯ ಪಕ್ಕ ಹೋಗಿ ನಿಂತ. ವಯಸ್ಸಾದ ಕೈ, ಮೇಲಾಗಿ ಹೆದರಿಕೆ. ಕೋಲು ಒಂದೇ ಸಮನೆ ನಡುಗುತ್ತಿತ್ತು, ಪ್ರಿಸಂ ಅತ್ತಿತ್ತ ಓಲಾಡಿ ಅಂಕಿ ನಿಲ್ಲುತ್ತಿರಲಿಲ್ಲ. ಅವನು ಏನೋ ಗೊಣಗುತ್ತಿದ್ದ, ತುಟಿ ಅಲ್ಲಾಡುವುದು ಕಾಣುತ್ತಿತ್ತು. ಸರಿಯಾಗಿ ಹಿಡಿ ತಾತ ಎಂದು ಜ್ಯೋತಿಲಕ್ಷ್ಮಿ ಕೂಗಿದಳು.

ಆಗ ಕೋಲಿನ ಮೇಲೆ, ಅವನ ಕೈಗಿಂತ ಗೇಣು ಮೇಲಕ್ಕೆ, ಇನ್ನೊಂದು ಕೈ ಬಂತು. ಕೆಸರು ಒಣಗಿದ ಕೈ. ಹೆಂಗಸು ಅವನ ಪಕ್ಕದಲ್ಲಿ ನಿಂತಿದ್ದಳು. ಇಬ್ಬರೂ ಒಂದೇ ಹೊರೆಗೆ ಕೈಕೊಟ್ಟವರ ಹಾಗೆ. ಸಣ್ಣರಂಗಯ್ಯನ ಗೊಣಗು ನಿಂತಿತು. ಅವನು ಪಕ್ಕಕ್ಕೆ ನೋಡಲಿಲ್ಲ. ಕೋಲು ನೆಲದಲ್ಲಿ ಹೂತಿಟ್ಟಂತೆ ನೆಟ್ಟಗಾಯಿತು.

ಶಶಿರೇಖಾಳಿಗೆ ಓಡಬೇಕೆನಿಸಿತು. ಓಡಿದರೆ ಇನ್ನೂ ಮೂವತ್ತು ವರ್ಷ ಕಾಯಬೇಕಾಗುತ್ತದೆ ಎಂದೂ ಅನಿಸಿತು, ಕಾಯುವವಳು ಯಾರು ಎಂದು ಯೋಚಿಸಲಿಲ್ಲ. ಗುಂಡಿ ಒತ್ತಿದಳು. ಅಂಕಿ ಗಟ್ಟಿಯಾಗಿ ನಿಂತಿತು.

"ಅರವತ್ತೊಂದು ಪಾಯಿಂಟ್ ಎರಡು," ಎಂದಳು. ಅವಳ ದನಿ ಅವಳಿಗೇ ಬೇರೆಯವರದು ಎನಿಸಿತು.

ಮೂರನೆಯ ಕಲ್ಲು ಎಲ್ಲಕ್ಕಿಂತ ಆಳದಲ್ಲಿತ್ತು. ಅಗೆಯುವಾಗ ಸಣ್ಣರಂಗಯ್ಯ ಪಕ್ಕದಲ್ಲೇ ಕೂತು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಏನಾಯಿತು ಎಂದು ಜ್ಯೋತಿಲಕ್ಷ್ಮಿ ಕೇಳಿದಳು. "ಏನಿಲ್ಲ, ನೀರು ಕುಡ್ದಂಗಾಯ್ತು," ಎಂದ. ಶಶಿರೇಖಾ ಕಂಡದ್ದನ್ನು ಅವನಿಗೆ ಹೇಳಲಿಲ್ಲ. ಹೇಳುವುದೇನೂ ಉಳಿದಿರಲಿಲ್ಲ.

ದೇವರಾಜು ಸಂಜೆ ಬಂದು ಮೂರು ಗುಂಡಿಗಳನ್ನೂ ಅದರೊಳಗಿನ ಕಲ್ಲುಗಳನ್ನೂ ನೋಡಿ ಸಿಟ್ಟಾದ. ಹಾಕಬೇಕಿದ್ದ ಫಲಕಗಳ ಸಾಲಿನ ನಟ್ಟನಡುವೆ ಆ ಮೂರು ಗುಂಟೆ ಬೀಳುತ್ತಿತ್ತು. ಮುಚ್ಚಿಬಿಡಿ, ಯಾರು ನೋಡಿದ್ದಾರೆ ಎಂದ. ಜ್ಯೋತಿಲಕ್ಷ್ಮಿ ದನಿ ಏರಿಸದೆ, ನಾನು ನೋಡಿದ್ದೇನೆ, ನಾಳೆ ಸಹಿ ಹಾಕುವವಳೂ ನಾನೇ ಎಂದಳು. ಅವನು ಮೇಲಿನವರಿಗೆ ತಕರಾರು ಬರೆದ. ಒಂದೂವರೆ ತಿಂಗಳ ಮೇಲೆ ಮೇಲಿನ ಅಧಿಕಾರಿಗಳು ಬಂದು ತಾವೇ ಅಳೆದರು. ಕಲ್ಲುಗಳು ಟಿಪ್ಪಣಿಗೆ ಬೆರಳಗಲದಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದವು. ಕಂಪನಿಯವರು ತಕರಾರು ಮಾಡದೆ ಆ ಜಾಗಕ್ಕೆ ತಂತಿಬೇಲಿ ಹಾಕಿ ಬಿಟ್ಟರು.

ಶಾಲೆಯಲ್ಲಿ ಶ್ರೀಲತಾ ಮಿಸ್ ಶಶಿರೇಖಾಳ ಬರಹವನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಓದಿದರು. ನಾಲ್ಕಲ್ಲ, ಒಂಬತ್ತು ಪುಟ ಬರೆದಿದ್ದಳು, ಒಂದನ್ನೂ ಮುಚ್ಚಿಟ್ಟಿರಲಿಲ್ಲ. ಮಿಸ್ ಓದಿ ಮುಗಿಸಿ ಕನ್ನಡಕ ತೆಗೆದು, ಇದನ್ನು ಹೀಗೇ ಮೇಲಕ್ಕೆ ಕಳಿಸಲಾಗುವುದಿಲ್ಲ ಮಗು ಎಂದರು. ಮೂರು ಪುಟ ತೆಗೆದು ತಮ್ಮ ಬ್ಯಾಗಿನಲ್ಲಿಟ್ಟುಕೊಂಡರು. ಮಾರನೆಯ ದಿನ ಕಾರಿಡಾರಿನಲ್ಲಿ ನಿಲ್ಲಿಸಿ, ಜ್ಯೋತಿಗೆ ಫೋನ್ ಮಾಡಿದ್ದೆ, ಅವಳೂ ನೀನು ಬರೆದದ್ದನ್ನೇ ಹೇಳಿದಳು ಎಂದಷ್ಟೇ ಹೇಳಿ ಹೊರಟುಹೋದರು.

ಫಲಿತಾಂಶ ಬಂದ ಮೇಲೆ ಮನೆಯಲ್ಲಿ ಮಾತು ನಡೆಯಿತು. ನರ್ಸಿಂಗೂ ಬೇಡ, ಟೀಚರೂ ಬೇಡ, ಸಿವಿಲ್ ಡಿಪ್ಲೊಮಾ ಓದಿ ಸರ್ವೆ ಕೆಲಸ ಕಲಿಯುತ್ತೇನೆ ಎಂದು ಶಶಿರೇಖಾ ಹೇಳಿದಾಗ ಅಮ್ಮ ಬಿಸಿಲಲ್ಲಿ ಕಪ್ಪಾಗಿ ಹೋಗ್ತೀಯ ಎಂದಳು. ಓಬಳರಾಜು ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ಜ್ಯೋತಿಲಕ್ಷ್ಮಿ ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿದು ಹೋದಳು. ಏನು ಹೇಳಿದಳೋ, ಅವನು ಮೆತ್ತಗಾದ.

ಪಾವಗಡದ ಕಾಲೇಜಿಗೆ ಅರ್ಜಿಯ ಕಾಗದಪತ್ರ ಕೊಡುವ ದಿನ ಅವನಿಗೆ ಅಲ್ಲಿಗೇ ಸಿಮೆಂಟ್ ಬಾಡಿಗೆ ಇತ್ತು. ಹಾಗಾಗಿ ಮಗಳನ್ನು ಆಟೋದಲ್ಲೇ ಕೂರಿಸಿಕೊಂಡ. ಮೊದಲ ಮಳೆ ಬಿದ್ದು ಹೊಲಗಳು ಕೆಂಪಗೆ ಹಸಿಯಾಗಿದ್ದವು. ನಾಗ್ತೀಪುರದ ಗಾಡಿ ಜಾಡು ಕವಲೊಡೆಯುವ ಕಡೆ ಬಂದಾಗ ರಸ್ತೆಯಿಂದಲೇ ಹೊಸ ಫಲಕಗಳು ಕಂಡವು. ನಡುವೆ ಒಂದು ಕಡೆ ಸಾಲು ತುಂಡಾಗಿ, ಅಲ್ಲಿ ಹುಲ್ಲು ಎದ್ದಿತ್ತು. ಸುತ್ತ ಎಲ್ಲೂ ಇನ್ನೂ ಹುಲ್ಲು ಹುಟ್ಟಿರಲಿಲ್ಲ. ಓಬಳರಾಜು ಆ ಕಡೆ ಒಮ್ಮೆ ನೋಡಿ, ಮತ್ತೆ ರಸ್ತೆ ನೋಡಿದ. ಇಷ್ಟು ದಿನ ಕೇಳದೇ ಇದ್ದದ್ದನ್ನು ಅವತ್ತು ಕೇಳಿದ.

"ಹೆದರಿಕೆ ಆಗಲ್ವೇನಮ್ಮ ನಿಂಗೆ? ಈ ಕೆಲಸದಲ್ಲಿ ಎಲ್ಲೆಲ್ಲೋ ಹೊಲದಾಗೆ ಒಬ್ಳೇ ನಿಂತ್ಕೋಬೇಕು."

ಶಶಿರೇಖಾ ಸುಳ್ಳು ಹೇಳಲಿಲ್ಲ. "ಆಗ್ತೈತೆ ಅಪ್ಪ," ಎಂದಳು. "ಆವತ್ತು ತುಂಬ ಆಯ್ತು. ಆದ್ರೆ ಅವ್ಳು ಒಂದ್ಸಲನೂ ನನ್ನ ಕಡೆ ನೋಡ್ಲಿಲ್ಲ. ಅಳತೆ ಸರಿಯಾಗಿ ಬರ್ತೈತಾ ಅಂತ ನೆಲ ನೋಡ್ತಿದ್ಲು."

ಓಬಳರಾಜು ಬ್ರೇಕಿನ ಮೇಲಿದ್ದ ಕಾಲನ್ನು ತೆಗೆದು ಗೇರ್ ಬದಲಾಯಿಸಿದ. ಹಿಂದೆ ಸಿಮೆಂಟಿನ ಮೂಟೆಗಳು ಒಮ್ಮೆ ಜರುಗಿ ಕೂತವು. ಮುಂದಿನ ತಿರುವಿನಲ್ಲಿ ಪಾವಗಡದ ಕೋಟೆ ಬೆಟ್ಟ ಕಾಣಿಸಿತು. ಶಶಿರೇಖಾ ಅರ್ಜಿಯ ಫೈಲನ್ನು ಗಾಳಿಗೆ ಹಾರದಂತೆ ಮಂಡಿಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.